ಬಲಗಡೆ ಮೂಲೆಯ ಮುದ್ರೆ

ಟಪ್ ಎಂದಿತು. ಒಂದೇ ಸಲ, ಆಮೇಲೆ ಇಲ್ಲ.

ಮನೆ ಮಲಗಿದ ಮೇಲೆ ಹುಟ್ಟುವ ಸದ್ದುಗಳಿಗೆಲ್ಲ ತಾನೇ ಹೊಣೆ ಎಂದು ನಂಬಿಕೊಂಡವಳು ಗುಮಾಸ್ತರ ಹೆಂಡತಿ. ಹಾಸಿಗೆಯಲ್ಲಿ ಎದ್ದು ಕೂತು ಕಿವಿ ನಿಮಿರಿಸಿದಳು. ಅಡುಗೆಮನೆಯ ನಲ್ಲಿಯೇ ಇರಬೇಕು. ಕತ್ತಲಲ್ಲೇ ತಡವರಿಸಿ ಹೋಗಿ, ಯಾವ ತಪ್ಪೂ ಮಾಡದ ನಲ್ಲಿಯ ಕಿವಿ ಹಿಂಡಿ ಬರುವಾಗ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಊಟದ ಮೇಜಿನ ಮೇಲೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಪಕ್ಕದಲ್ಲಿ ದಿಂಬಿನಷ್ಟು ದಪ್ಪದ ಪುಸ್ತಕ. ಎರಡರ ನಡುವೆ ಗುಮಾಸ್ತರು. ಕತ್ತಿಗೆ ಮಫ್ಲರ್, ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಕೆಮ್ಮಿನ ಔಷಧಿಯ ಬಾಟಲಿ.

"ಏನ್ರೀ ಅದು ಸದ್ದು?"

"ಯಾವ ಸದ್ದು? ನೀನು ಮಲಕ್ಕೋ. ನಾನು ಹದಿನೇಳನೇ ಶತಮಾನದಲ್ಲಿದೀನಿ."

ಅವಳು ಮಲಗಿದಳು. ಚಮಚದಿಂದ ಜಾರಿದ ಒಂದು ಹನಿ ಔಷಧಿ ಆ ಪೆಟ್ಟಿಗೆಯೊಳಗಿನ ಗಾಜಿನ ಮೇಲೆ ಬಿದ್ದು, ಬೆಳಗಾಗುವುದರೊಳಗೆ ಗಟ್ಟಿಯಾಗಿ, ಕಂದು ಬಣ್ಣದ ಒಂದು ಗುಂಡನೆಯ ಮಚ್ಚೆಯಾಯಿತು. ಚಿತ್ರಕಲೆಯ ಇತಿಹಾಸ ಬರೆದ ದೊಡ್ಡವರು ಯಾರೂ ಈ ಹನಿಯನ್ನು ಗಮನಕ್ಕೆ ತಂದುಕೊಂಡಿಲ್ಲ. ಅದು ಅವರ ತಪ್ಪಲ್ಲ, ಅವರು ಈ ಬೀದಿಯಲ್ಲಿ ಇರಲಿಲ್ಲ.

ಗುಮಾಸ್ತರು ಬಡಾವಣೆಯ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವವರು. ಹರಿದದ್ದನ್ನು ಹೊಲಿಯುವುದು, ಹೊಸದಕ್ಕೆ ಮೊಹರು ಒತ್ತುವುದು ಅವರದೇ ಕೆಲಸ. ತಲೆಗೂದಲು ಕಪ್ಪಿದ್ದಾಗಿನಿಂದ ಅದೇ ಮೇಜು, ಅದೇ ಅಂಟಿನ ಡಬ್ಬಿ. ಅವರು ಮಾತು ಶುರುಮಾಡಿದರೆ ಮುಗಿಸುವವರು ಬೇರೆಯವರಾಗಿರುತ್ತಿದ್ದರು. ಕಚೇರಿಯಲ್ಲಿ ಮೇಲ್ವಿಚಾರಕಿ ಮುಗಿಸುತ್ತಿದ್ದರು. ಮನೆಯಲ್ಲಿ ಹೆಂಡತಿಯ ಅಣ್ಣ ಮುಗಿಸುತ್ತಿದ್ದ. ಅಂಗಡಿಗಳ ಬೋರ್ಡು ಬರೆಯುವುದು ಆ ಅಣ್ಣನ ಕಸುಬು, ಆದ್ದರಿಂದ ಬೀದಿಗೆಲ್ಲ ಅವನು ಬೋರ್ಡಣ್ಣ.

ಗ್ರಂಥಾಲಯದ ಮಾಳಿಗೆಯ ಹಾಲ್ ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಮುಚ್ಚಿಹೋದ ಶಾಖೆಗಳ ಮುರುಕು ಬೀರುಗಳನ್ನು ತಂದು ಅಲ್ಲಿ ತುಂಬುತ್ತೇವೆ ಎಂದು ಇಲಾಖೆಯಿಂದ ಹೇಳಿಕಳಿಸಿದ್ದರು. ಹಾಲ್ ಉಳಿಯಬೇಕಾದರೆ ಅಲ್ಲಿ ಜನರಿಗೆ ಉಪಯೋಗವಾಗುವಂಥದ್ದು ಏನಾದರೂ ನಡೆಯುತ್ತಿರಬೇಕು. ತಪಾಸಣಾಧಿಕಾರಿ ಬಂದು ಕಣ್ಣಾರೆ ನೋಡಬೇಕು. ಮೇಲ್ವಿಚಾರಕಿ ಹಟಕ್ಕೆ ಬಿದ್ದು, ಶನಿವಾರ ಸಂಜೆ 'ಜಗತ್ತಿನ ಚಿತ್ರಕಾರರು: ಆಸಕ್ತರಿಗೆ ಪರಿಚಯ' ಎಂದು ಬಾಗಿಲಿಗೆ ಹಲಗೆ ತೂಗುಹಾಕಿಸಿದರು. ಪಾಠಕ್ಕೆ ಒಪ್ಪಿಕೊಂಡಿದ್ದ ಉಪನ್ಯಾಸಕರು ಮರುದಿನವೇ ವರ್ಗವಾಗಿ ಬೇರೆ ಊರಿಗೆ ಹೋದರು. ಹಲಗೆ ಉಳಿಯಿತು.

ಮೇಲ್ವಿಚಾರಕಿ ಆ ದಪ್ಪ ಪುಸ್ತಕವನ್ನು ಎತ್ತಿ ಹಿಡಿದು ಸಿಬ್ಬಂದಿಯನ್ನೆಲ್ಲ ಕೇಳಿದರು: "ಇದನ್ನ ಯಾರಾದ್ರೂ ತೆರೆದಾದ್ರೂ ನೋಡಿದೀರಾ?"

"ನಾನು ಪೂರ್ತಿ ನೋಡಿದೀನಿ ಮೇಡಂ," ಎಂದರು ಗುಮಾಸ್ತರು.

ಇದು ಅಪ್ಪಟ ನಿಜ. ಚಿತ್ರವಿದ್ದ ಪ್ರತಿ ಹಾಳೆಯ ಹಿಂದೆ ಮೊಹರು ಒತ್ತಿದವರು ಅವರೇ.

"ಹಾಗಾದ್ರೆ ನೀವೇ," ಎಂದರು ಮೇಲ್ವಿಚಾರಕಿ.

ಆ ರಾತ್ರಿ ಹೆಂಡತಿ ಕೇಳಿದಳು: "ಆಗಲ್ಲ ಅಂತ ಹೇಳ್ಬಾರದಿತ್ತಾ?"

"ಹೇಳೋಕೆ ಬಾಯಿ ತೆಗೆದೆ ಕಣೇ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು."

"ಯಾರಾದ್ರೂ ಪ್ರಶ್ನೆ ಕೇಳಿದ್ರೆ?"

"ಚಿತ್ರ ನೋಡೋಕೆ ಬಂದೋರು ಪ್ರಶ್ನೆ ಯಾಕೆ ಕೇಳ್ತಾರೆ?"

ಅವಳಿಗೆ ನಿದ್ದೆ ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಎಣಿಸಿಕೊಡುವ ಕೆಲಸ ಅವಳದು. ಒಂದು ಸಣ್ಣ ತಪ್ಪು ಎಲ್ಲಿಯವರೆಗೆ ಹೋಗಬಹುದು ಎಂದು ದಿನವಿಡೀ ಯೋಚಿಸಿಯೇ ಸಂಬಳ ತರುವವಳು.

ಗ್ರಂಥಾಲಯದ ಉಗ್ರಾಣದಲ್ಲಿ ಒಂದು ಹಳೆಯ ಯಂತ್ರವಿತ್ತು. ಪುಸ್ತಕದ ಪುಟವನ್ನು ಅದರೊಳಗಿನ ಗಾಜಿನ ಹಲಗೆಯ ಕೆಳಗೆ ಒತ್ತಿಟ್ಟು ದೀಪ ಹಾಕಿದರೆ ಪುಟದಲ್ಲಿದ್ದ ಚಿತ್ರ ಎದುರುಗೋಡೆಯ ಮೇಲೆ ಆಳೆತ್ತರಕ್ಕೆ ಬೀಳುತ್ತಿತ್ತು. ಅಭ್ಯಾಸ ಮಾಡುವ ನೆಪದಲ್ಲಿ ಗುಮಾಸ್ತರು ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿ ಮನೆಗೆ ತಂದಿದ್ದರು. ಔಷಧಿಯ ಹನಿ ಬಿದ್ದದ್ದು ಆ ಗಾಜಿನ ಬಲಗಡೆ ಕೆಳಮೂಲೆಯಲ್ಲಿ.

ಮೊದಲ ಶನಿವಾರ ಹತ್ತಾರು ಜನ ಬಂದರು. ಮುಂದಿನ ಸಾಲಿನ ನಟ್ಟನಡುವೆ ಹಲ್ಲಿನ ಡಾಕ್ಟರು ಕಾಲ ಮೇಲೆ ಕಾಲು ಹಾಕಿ ಕೂತರು. ಅವರ ಹಿಂದೆ ನಿವೃತ್ತ ನರ್ಸಮ್ಮ, ಮಡಿಲಲ್ಲಿ ಹೆಣಿಗೆ. ದೀಪದ ಸ್ವಿಚ್ಚಿನ ಹತ್ತಿರ, ಯಾರೂ ನೇಮಿಸದಿದ್ದರೂ, ಬೋರ್ಡಣ್ಣ. ಹೆಂಡತಿ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತಳು. ಏನಾದರೂ ಆದರೆ ಮೊದಲು ಎದ್ದು ಹೋಗಬಹುದು. ಗಂಡನನ್ನು ಕರೆದುಕೊಂಡೂ ಹೋಗಬಹುದು.

ಬೋರ್ಡಣ್ಣ ದೀಪ ಆರಿಸಿದ. ಗೋಡೆಯ ಮೇಲೆ ಒಬ್ಬ ಮುದುಕ ಕಾಣಿಸಿಕೊಂಡ. ಹಣೆಯ ಮೇಲೆ ಬೆಳಕು, ಕಣ್ಣಲ್ಲಿ ಆಯಾಸ, ಉಳಿದದ್ದೆಲ್ಲ ಕತ್ತಲು.

"ಇವರು ರೆಂಬ್ರಾಂಟ್," ಎಂದರು ಗುಮಾಸ್ತರು. ಕಲಿಸುವವರು ಹೀಗೇ ನಿಲ್ಲಬೇಕೆಂದು ಎಲ್ಲಿ ನೋಡಿದ್ದರೋ, ಗೋಡೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ, ಕೋಲನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ ತೋರಿಸುತ್ತಿದ್ದರು. "ತಮ್ಮ ಮುಖಾನ ತಾವೇ ಮತ್ತೆ ಮತ್ತೆ ಬಿಡಿಸಿದೋರು. ಹುಡುಗನಾಗಿದ್ದಾಗಿಂದ ಮುದುಕರಾಗೋವರೆಗೆ. ಎಲ್ಲೂ ತಮ್ಮನ್ನ ಚೆಂದ ಮಾಡ್ಕೊಳ್ಳಲಿಲ್ಲ."

ಮಾತು ಚೆನ್ನಾಗಿತ್ತು. ಹೆಂಡತಿ ಉಸಿರು ಬಿಟ್ಟಳು. ಬಿಟ್ಟದ್ದು ಬೇಗವಾಯಿತು.

"ಮೇಷ್ಟ್ರೇ," ಎಂದರು ನರ್ಸಮ್ಮ, "ಆ ಬಲಗಡೆ ಮೂಲೇಲಿ ಕಂದುಬಣ್ಣದ್ದು, ಗುಂಡಗೆ, ಅದೇನು?"

ಗುಮಾಸ್ತರು ತಿರುಗಿ ನೋಡಿದರು. ಹೌದು, ಇತ್ತು. ಪುಸ್ತಕದ ವಿವರಣೆಯಲ್ಲಿ ಅದರ ಪ್ರಸ್ತಾಪ ಇರಲಿಲ್ಲ. ಅವರು ಕೆಮ್ಮಿದರು. ಯಾರೋ 'ಮೇಷ್ಟ್ರೇ' ಎಂದು ಕರೆದದ್ದು ಅವರ ಬದುಕಿನಲ್ಲೇ ಮೊದಲು. ಆ ಹೆಸರು ಬಂದ ಗಳಿಗೆಯಲ್ಲೇ 'ಗೊತ್ತಿಲ್ಲ' ಎನ್ನುವುದು ಹೇಗೆ?

"ಅದು ನೆರಳು," ಎಂದರು.

ಎಲ್ಲರೂ ಒಪ್ಪಿದರು. ಅಷ್ಟೊಂದು ನೆರಳಿದ್ದ ಚಿತ್ರದಲ್ಲಿ ಇನ್ನೊಂದಕ್ಕೆ ತಕರಾರು ತೆಗೆಯುವವರಾರು? ಗುಮಾಸ್ತರು ಪುಟ ತಿರುಗಿಸಿದರು. ವರ್ಮೀರ್. ಕಿಟಕಿಯ ಪಕ್ಕ ಹಾಲು ಸುರಿಯುತ್ತಿರುವ ಹೆಂಗಸು, ಮೇಜಿನ ಮೇಲೆ ಬ್ರೆಡ್ಡು, ಬೆಳಗಿನ ಬೆಳಕು. ಬಲಗಡೆ ಕೆಳಮೂಲೆಯಲ್ಲಿ ಅದೇ ಕಂದು ಮಚ್ಚೆ.

"ಇಲ್ಲೂ ಇದೆಯಲ್ಲ?" ಎಂದರು ಹಲ್ಲಿನ ಡಾಕ್ಟರು.

"ಇರುತ್ತೆ. ಇಬ್ಬರೂ ಒಂದೇ ನಾಡಿನೋರು," ಎಂದರು ಗುಮಾಸ್ತರು.

ಅವತ್ತು ಮನೆಗೆ ಬಂದವರೇ ದೀಪದ ಕೆಳಗೆ ಪುಸ್ತಕ ಹಿಡಿದು ಕೂತರು. ಪುಟದಲ್ಲಿ ಮಚ್ಚೆ ಇರಲಿಲ್ಲ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಈಗ ಯಂತ್ರದ ಕಡೆ ತಿರುಗುತ್ತಿದ್ದರು. ಗುಮಾಸ್ತರು ಹೆಂಡತಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಹಿಂದೆಂದೂ ಕಾಣದ ಕಳೆಯಿತ್ತು.

"ಗೊತ್ತಾಯ್ತು ಕಣೇ. ಪುಸ್ತಕದಲ್ಲಿ ಚಿತ್ರ ಅಂಗೈಯಗಲ. ಅಷ್ಟು ಚಿಕ್ಕದರಲ್ಲಿ ಅದು ಕಾಣಲ್ಲ. ದೊಡ್ಡದು ಮಾಡಿದಾಗ್ಲೇ ಕಾಣೋದು. ಅದಕ್ಕೇ ಇಷ್ಟು ದಿನ ಯಾರಿಗೂ ಸಿಕ್ಕಿಲ್ಲ."

"ದೊಡ್ಡ ದೊಡ್ಡ ವಿದ್ವಾಂಸರಿಗೂ?"

"ಅವರೆಲ್ಲ ನಡುವೆ ನೋಡ್ತಾರೆ. ಮೂಲೆ ನೋಡೋನು ನನ್ನಂಥ ಗುಮಾಸ್ತ."

ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೆ ಮದುವೆಯಾದಾಗಿನಿಂದ ಈ ಮನುಷ್ಯ ಒಂದು ವಾಕ್ಯವನ್ನು ಇಷ್ಟು ಗಟ್ಟಿಯಾಗಿ ಮುಗಿಸಿದ್ದನ್ನು ಅವಳು ಕೇಳಿರಲಿಲ್ಲ. ಊಟಕ್ಕೆ ತಟ್ಟೆ ಇಟ್ಟಳು.

ಎರಡನೆಯ ಶನಿವಾರ ಮೊನೆ ಎಂಬ ಚಿತ್ರಕಾರ ಬಿಡಿಸಿದ ಹಡಗುಕಟ್ಟೆ, ಮಂಜಿನ ನಡುವೆ ಕಿತ್ತಳೆಬಣ್ಣದ ಸೂರ್ಯ. "ಇದನ್ನ ಮೊದಲು ನೋಡಿದೋರು ನಕ್ಕಿದ್ರು," ಎಂದರು ಗುಮಾಸ್ತರು. "ಇದು ಚಿತ್ರ ಅಲ್ಲ, ಬರೀ ಇಂಪ್ರೆಷನ್ನು, ಅನಿಸಿಕೆ ಅಂತ ಒಬ್ಬ ಪತ್ರಿಕೆಯೋನು ಗೇಲಿ ಮಾಡಿದ. ಆ ಗೇಲೀನೇ ಹೆಸರು ಮಾಡ್ಕೊಂಡ್ರು. ಇಂಪ್ರೆಷನಿಸಂ. ಬೈದದ್ದನ್ನ ಬಿರುದು ಮಾಡ್ಕೊಂಡೋರು ಇವರು." ಇದು ಪುಸ್ತಕದಲ್ಲಿತ್ತು, ಜನಕ್ಕೆ ಹಿಡಿಸಿತು. ಆದರೆ ಕಣ್ಣುಗಳೆಲ್ಲ ಸೂರ್ಯನನ್ನು ದಾಟಿ, ದೋಣಿಯನ್ನು ದಾಟಿ, ಬಲಗಡೆ ಕೆಳಮೂಲೆಗೆ ಇಳಿದವು. ಇತ್ತು. ಹಾಲಿನಲ್ಲಿ ಒಂದು ಮೆಲುವಾದ 'ಹ್ಞಾ' ಕೇಳಿಸಿತು.

"ಇವರು ಬೇರೆ ದೇಶದೋರಲ್ವಾ ಮೇಷ್ಟ್ರೇ?" ಎಂದರು ನರ್ಸಮ್ಮ.

ಗುಮಾಸ್ತರು ಒಂದು ವಾರ ಕಾದಿದ್ದು ಈ ಪ್ರಶ್ನೆಗೇ. ಕೋಲು ಕೆಳಗಿಟ್ಟರು. "ಅದು ನೆರಳಲ್ಲ. ಹೋದ ವಾರ ನಿಮಗಿನ್ನೂ ಹೊಸದು, ಅದಕ್ಕೇ ಹೇಳಲಿಲ್ಲ. ಅದು ಮುದ್ರೆ. ಚಿತ್ರ ಮುಗಿದ ಮೇಲೆ ದೊಡ್ಡ ಕಲಾವಿದರು ಬೇಕೂಂತಲೇ ಒಂದು ಮೂಲೆ ಕೆಡಿಸ್ತಾರೆ. ನಾನು ಪರಿಪೂರ್ಣ ಅಲ್ಲ ಅಂತ. ಗುರುವಿಂದ ಶಿಷ್ಯನಿಗೆ ಬಂದ ಗುಟ್ಟು."

ಹಲ್ಲಿನ ಡಾಕ್ಟರು ಕಾಲ ಮೇಲಿನ ಕಾಲು ಇಳಿಸಿದರು.

ಆಮೇಲೆ ಜನ ಹೆಚ್ಚಿದರು. ಬೆಂಚು ಸಾಲದೆ ಮೆಟ್ಟಿಲ ಮೇಲೆ ನಿಂತರು. ಸೆಜಾನ್ ಬಿಡಿಸಿದ ಮೇಜಿನ ಮೇಲೆ ಸೇಬುಗಳ ಪಕ್ಕ ಮುದ್ರೆಯೂ ಒಂದು ಕೊಳೆತ ಸೇಬಿನಂತೆ ಕೂತಿತ್ತು. ಪಿಕಾಸೋ ಒಂದೇ ಮುಖವನ್ನು ಎದುರಿಂದಲೂ ಪಕ್ಕದಿಂದಲೂ ಒಟ್ಟಿಗೇ ಬಿಡಿಸಿದ್ದನ್ನು ಗುಮಾಸ್ತರು ತಿಣುಕಿ ವಿವರಿಸಿದಾಗ, "ಅದೆಲ್ಲ ಸರಿ, ಮುದ್ರೆ ಮಾತ್ರ ಒಂದೇ ಕಡೆಯಿಂದ ಬಿಡಿಸಿದಾರೆ ನೋಡಿ," ಎಂದು ಬೋರ್ಡಣ್ಣ ಸ್ವಿಚ್ಚಿನ ಹತ್ತಿರದಿಂದ ಕ್ಯೂಬಿಸಂ ಎಂಬ ಆ ಪಂಥಕ್ಕೆ ತನ್ನ ಕಾಣಿಕೆ ಸಲ್ಲಿಸಿದ. ಮಾಂಡ್ರಿಯನ್ ಬಂದ ದಿನ ತುಸು ಗಂಡಾಂತರವಾಯಿತು. ಬರೀ ನೇರ ಗೆರೆ, ಚೌಕ, ಕೆಂಪು, ಹಳದಿ, ನೀಲಿ. ಮೂಲೆಯಲ್ಲಿ ಗುಂಡನೆಯ ಕಂದು.

"ಈ ಮಹಾನುಭಾವ ಜೀವಮಾನ ಪೂರ್ತಿ ಗುಂಡಗಿರೋದನ್ನ ಮುಟ್ಟಲಿಲ್ಲ ಅಂತ ಈಗತಾನೇ ಹೇಳಿದ್ರಿ," ಎಂದರು ಹಲ್ಲಿನ ಡಾಕ್ಟರು.

"ಅಲ್ವೇ ಮತ್ತೆ? ಅಂಥೋರೂ ಮುದ್ರೆ ಬಿಡಲಿಲ್ಲ ಅಂದ್ರೆ ಅದು ಎಷ್ಟು ದೊಡ್ಡದಿರಬೇಕು!"

ಮಾಲೆವಿಚ್ಚನ ಕಪ್ಪು ಚೌಕ ಗೋಡೆಗೆ ಬಿದ್ದಾಗ ಕಪ್ಪಿನ ಮೇಲೆ ಕಂದು ಕಾಣಲಿಲ್ಲ. ಜನ ಕಂಗಾಲಾದರು. ಮುಂದಿನ ಸಾಲಿನವರು ಎದ್ದು ಗೋಡೆ ಸವರಿದರು. "ಇದೆ," ಎಂದರು ಗುಮಾಸ್ತರು ಗಂಭೀರವಾಗಿ, "ಒಳಗಿದೆ." ಆ ಕಲಾವಿದನನ್ನು ಅವತ್ತಿನಿಂದ ಎಲ್ಲರೂ ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚು ಗೌರವಿಸಿದರು.

ಮುದ್ರೆ ಬೀದಿಗಿಳಿದದ್ದು ಬೋರ್ಡಣ್ಣನ ಕೈಯಿಂದ. ಅದೇ ಸಮಯಕ್ಕೆ ಹಲ್ಲಿನ ಡಾಕ್ಟರು ಹೊಸ ಬೋರ್ಡು ಬರೆಸಿದ್ದರು: ಬೋರ್ಡಿನ ತುಂಬ ಒಂದೇ ಒಂದು ದೊಡ್ಡ ಹಲ್ಲು, ಹಾಲಿನಂತೆ ಬಿಳುಪು. ಬರೆದು ಮುಗಿಸಿ ಏಣಿಯಿಂದ ಇಳಿಯುವ ಮೊದಲು ಬೋರ್ಡಣ್ಣನಿಗೆ ತಾನೂ ಪರಿಪೂರ್ಣನಲ್ಲ ಎಂಬುದು ನೆನಪಾಯಿತು. ಕಂದುಬಣ್ಣದಲ್ಲಿ ಕುಂಚ ಅದ್ದಿ, ಬಲಗಡೆ ಕೆಳಮೂಲೆಯಲ್ಲಿ, ಅಂದರೆ ಹಲ್ಲಿನ ಮೇಲೆಯೇ, ಗುಂಡಗೆ ಒತ್ತಿ ಬಂದ.

ಡಾಕ್ಟರು ಬಿಳಿ ಕೋಟಿನಲ್ಲೇ ಗುಮಾಸ್ತರ ಮನೆಗೆ ನುಗ್ಗಿದರು.

"ಗುಮಾಸ್ತರೇ, ನಿಮ್ಮ ಭಾವಮೈದ ನನ್ನ ಬೋರ್ಡಿನ ಹಲ್ಲಿಗೆ ಹುಳುಕು ಹಿಡಿಸಿದಾರೆ!"

"ಹುಳುಕಲ್ಲ ಡಾಕ್ಟ್ರೇ, ಮುದ್ರೆ," ಎಂದ ಬೋರ್ಡಣ್ಣ. ಅವನು ಅಲ್ಲೇ ಊಟಕ್ಕೆ ಕೂತಿದ್ದ. "ಮೊದಲನೇ ಸಾಲಲ್ಲಿ ಕೂತು ತಲೆ ಆಡಿಸಿದೋರು ನೀವೇ ತಾನೆ?"

"ನಾನು ತಲೆ ಆಡಿಸಿದ್ದು ರೆಂಬ್ರಾಂಟ್‌ಗೆ! ನನ್ನ ಹೊಟ್ಟೆಪಾಡಿಗಲ್ಲ! ರಸ್ತೇಲಿ ಹೋಗೋರೆಲ್ಲ, ಡಾಕ್ಟ್ರ ಹಲ್ಲೇ ಹೀಗಾದ್ರೆ ನಮ್ಮ ಗತಿಯೇನು ಅಂತಿದಾರೆ!"

ಇಬ್ಬರೂ ತೀರ್ಪಿಗಾಗಿ ಗುಮಾಸ್ತರ ಕಡೆ ತಿರುಗಿದರು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಈಗಲಾದರೂ ಈ ಮನುಷ್ಯ ಸಾಕು ಎನ್ನಬಾರದೇ?

"ಮುದ್ರೆ ಯಾರು ಬೇಕಾದ್ರೂ ಹಾಕೋ ಹಾಗಿಲ್ಲ," ಎಂದರು ಗುಮಾಸ್ತರು. "ಸತ್ತ ಮೇಲೆ ಲೋಕ ಒಪ್ಪಿದೋರು ಮಾತ್ರ."

"ಅವರು ಹಾಕಿದ್ದು ಬದುಕಿದ್ದಾಗ್ಲೇ ಅಲ್ವಾ ಭಾವ? ಸತ್ತ ಮೇಲೆ ಬಂದು ಹಾಕಿದ್ರಾ?" ಎಂದ ಬೋರ್ಡಣ್ಣ.

ಗುಮಾಸ್ತರು ಕೆಮ್ಮಿದರು.

"ಡಾಕ್ಟ್ರೇ, ಟೀ ಕುಡೀತೀರಾ?" ಎಂದಳು ಹೆಂಡತಿ.

ಈ ಜಗಳ ಬೋರ್ಡು ಅಳಿಸುವುದರಲ್ಲಿ ಮುಗಿಯಬೇಕಿತ್ತು. ಆದರೆ ಮರುದಿನ ಕೆನ್ನೆ ಊದಿದ ಒಬ್ಬ ಲಾರಿ ಡ್ರೈವರ್ ಲಾರಿ ನಿಲ್ಲಿಸಿ ಒಳಗೆ ಬಂದು, "ಡಾಕ್ಟ್ರೇ, ಆ ಬೋರ್ಡಲ್ಲಿರೋದು ನನ್ನದೇ ಹಲ್ಲು. ಅದೇ ಜಾಗ, ಅದೇ ಬಣ್ಣ," ಎಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಹಳೆಯ ಬಿಳಿ ಹಲ್ಲಿನ ಬೋರ್ಡು ಇಷ್ಟು ವರ್ಷ ಯಾರನ್ನೂ ಕರೆದಿರಲಿಲ್ಲ. ಶನಿವಾರದ ಹೊತ್ತಿಗೆ ಡಾಕ್ಟರು ಮುದ್ರೆಯ ಪರಮಭಕ್ತರಾಗಿದ್ದರು.

ತಪಾಸಣೆಗೆ ಮುಂಚಿನ ಶನಿವಾರ ಗುಮಾಸ್ತರು ಒಂದು ದೊಡ್ಡ ಭೂದೃಶ್ಯ ತೋರಿಸಿದರು. ಬ್ರೂಗೆಲ್ ಬಿಡಿಸಿದ್ದೆಂದು ಹೇಳುತ್ತಾರೆ, ಖಚಿತವಿಲ್ಲ. ಮುಂದೆ ಕೆಂಪು ತೋಳಿನ ಅಂಗಿಯ ರೈತ ಕುದುರೆ ಕಟ್ಟಿ ಉಳುತ್ತಿದ್ದಾನೆ. ಕೆಳಗೆ ಕುರುಬ ಕೋಲಿಗೆ ಒರಗಿ ಆಕಾಶ ನೋಡುತ್ತಿದ್ದಾನೆ. ಹಸಿರು ಸಮುದ್ರ, ಹಾಯಿ ಬಿಚ್ಚಿದ ಹಡಗು. ದಡದಲ್ಲಿ ಬೆನ್ನು ತೋರಿಸಿ ಕೂತ ಒಬ್ಬ ಮೀನುಗಾರ.

"ಇದರ ಹೆಸರು ಇಕಾರಸ್ ಬಿದ್ದದ್ದು," ಎಂದರು ಗುಮಾಸ್ತರು. "ಅವರ ಹಳೇ ಕಥೆ. ಅಪ್ಪ ಗರಿಗೆ ಮೇಣ ಮೆತ್ತಿ ರೆಕ್ಕೆ ಮಾಡಿಕೊಟ್ಟ. ಮಗ ಸೂರ್ಯನ ಹತ್ತಿರ ಹಾರಿದ. ಮೇಣ ಕರಗಿ ಸಮುದ್ರಕ್ಕೆ ಬಿದ್ದ."

"ಎಲ್ಲಿದಾನೆ ಹುಡುಗ?" ಎಂದರು ನರ್ಸಮ್ಮ, ಹೆಣಿಗೆ ಕೆಳಗಿಟ್ಟು.

ಗುಮಾಸ್ತರು ಪುಸ್ತಕದ ಅಂಗೈಯಗಲದ ಚಿತ್ರದಲ್ಲಿ ಅವನನ್ನು ಹುಡುಕಿ ಹುಡುಕಿ ಸೋತಿದ್ದರು. ವಿವರಣೆಯಲ್ಲಿ ಕಥೆ ಇತ್ತು, ಹುಡುಗ ಎಲ್ಲಿದ್ದಾನೆಂದು ಇರಲಿಲ್ಲ. "ಇಲ್ಲ," ಎಂದರು. "ಅದೇ ಈ ಚಿತ್ರದ ಹೆಚ್ಚುಗಾರಿಕೆ. ಹುಡುಗನ್ನ ಬಿಡಿಸಲೇ ಇಲ್ಲ. ಅವನ ಬದಲು ಮುದ್ರೆ ಇಟ್ಟಿದಾರೆ. ಸೋತದ್ದಕ್ಕೆ ಗುರುತು." ನರ್ಸಮ್ಮ ಕರವಸ್ತ್ರ ತೆಗೆದರು. ಅಧಿಕಾರಿ ಬಂದಾಗ ಇದೇ ಚಿತ್ರ ತೋರಿಸಬೇಕೆಂದು ಅಲ್ಲೇ ತೀರ್ಮಾನವಾಯಿತು.

ತಪಾಸಣೆಯ ಹಿಂದಿನ ಸಂಜೆ ಗುಮಾಸ್ತರು ಕ್ಷೌರಕ್ಕೆ ಹೋಗಿದ್ದರು. ಯಂತ್ರ ಮೇಜಿನ ಮೇಲಿತ್ತು. ಅದರ ಮೇಲೆ ಧೂಳು ಕೂತಿತ್ತು. ಅಧಿಕಾರಿಯ ಎದುರು ಧೂಳು ಹಿಡಿದ ಯಂತ್ರ ಇಟ್ಟರೆ ಮನೆಯ ಹೆಂಗಸಿಗೆ ಏನನ್ನುತ್ತಾರೆ? ಅವಳು ಒದ್ದೆಬಟ್ಟೆ ತಂದು ಹೊರಗೆಲ್ಲ ಒರೆಸಿದಳು. ಮುಚ್ಚಳ ತೆಗೆದು ಒಳಗಿನ ಗಾಜನ್ನೂ ಒರೆಸಿದಳು. ಒಂದು ಮೂಲೆಯಲ್ಲಿ ಏನೋ ಅಂಟಿತ್ತು. ಉಗುರಿನಿಂದ ಕೆರೆದು, ತಿಕ್ಕಿ ತೆಗೆದಳು. ಬಟ್ಟೆ ಕಂದಾಯಿತು. ಮೂಗಿಗೆ ಹಿಡಿದಳು. ದಿನಕ್ಕೆ ನಾಲ್ಕಾರು ಜನಕ್ಕೆ ಅವಳೇ ಕಟ್ಟಿಕೊಡುತ್ತಿದ್ದ ಕೆಮ್ಮಿನ ಔಷಧಿ, ಪುದೀನ ವಾಸನೆಯದು.

ಅವಳು ಕುರ್ಚಿ ಎಳೆದುಕೊಂಡು ಕೂತಳು.

ಸ್ವಲ್ಪ ಹೊತ್ತಿನ ಮೇಲೆ ಕೈಗೆ ಸಿಕ್ಕಿದ ಪುಟವನ್ನು ಗಾಜಿನ ಕೆಳಗಿಟ್ಟು ದೀಪ ಹಾಕಿದಳು. ತೆರೆದ ಬಾಗಿಲಿನಾಚೆ ಅಡುಗೆಮನೆಯ ಗೋಡೆಯ ಮೇಲೆ, ಪಾತ್ರೆಗಳ ಸ್ಟ್ಯಾಂಡಿನ ಪಕ್ಕ, ವ್ಯಾನ್ ಗೋನ ಸೂರ್ಯಕಾಂತಿ ಹೂಗಳು ಅರಳಿದವು. ಹಳದಿಯ ಮೇಲೆ ಹಳದಿ. ಮೂಲೆ ಶುಭ್ರವಾಗಿತ್ತು. ಗುರುವಿಂದ ಶಿಷ್ಯನಿಗೆ ಬಂದ ಗುಟ್ಟು ಅವಳ ಕೈಯ ಒರಸುಬಟ್ಟೆಯಲ್ಲಿತ್ತು.

ಔಷಧಿ ಬಾಟಲಿ ಕಿಟಕಿಯಲ್ಲೇ ಇತ್ತು. ಅವಳು ಎದ್ದಳು, ಚಮಚ ತಂದಳು, ಗಾಜಿನ ಬಲಮೂಲೆಯ ಮೇಲೆ ಹಿಡಿದಳು. ಒಂದು ಹನಿ. ಬೆಳಗಾಗುವುದರೊಳಗೆ ಒಣಗುತ್ತದೆ. ಗಂಡ ಉಳಿಯುತ್ತಾನೆ, ಹಾಲ್ ಉಳಿಯುತ್ತದೆ. ಮೊದಲ ಹನಿ ತಾನಾಗಿ ಬಿದ್ದದ್ದು, ಅದರಲ್ಲಿ ಯಾರ ಪಾಪವೂ ಇರಲಿಲ್ಲ. ಇದು ಬಿದ್ದರೆ ಇದನ್ನು ಹಾಕಿದವಳು ತಾನು. ಚಮಚದಲ್ಲಿದ್ದದ್ದನ್ನು ಬಾಟಲಿಗೆ ವಾಪಸು ಸುರಿದಳು.

ಗುಮಾಸ್ತರು ಬಂದರು. ಹೊಸ ಕ್ಷೌರದಲ್ಲಿ ಕಿವಿಗಳು ದೊಡ್ಡದಾಗಿ, ಮುಖ ಚಿಕ್ಕದಾಗಿ, ಪರೀಕ್ಷೆಗೆ ಹೊರಟ ಹುಡುಗನಂತೆ ಕಂಡರು. ಕನ್ನಡಿಯ ಎದುರು ಕೋಲು ಹಿಡಿದು ಅಭ್ಯಾಸ ಶುರುಮಾಡಿದರು: "ಮಾನ್ಯ ಅಧಿಕಾರಿಗಳೇ, ಇಲ್ಲಿ ಹುಡುಗ ಇಲ್ಲ. ಇಲ್ಲಿರೋದು ಮುದ್ರೆ."

"ರೀ," ಎಂದಳು ಅವಳು.

"ಏನು?"

ಆ ಕಿವಿಗಳನ್ನು ನೋಡಿದಳು. "ಊಟಕ್ಕೆ ಬನ್ನಿ."

ಮರುದಿನ ಹಾಲ್ ಕಿಕ್ಕಿರಿದಿತ್ತು. ಅಧಿಕಾರಿ ಬೆಳಗಿನಿಂದ ಕಚೇರಿಗಳನ್ನು ಸುತ್ತಿ ಬಂದಿದ್ದರು. ಅವರ ಷೂಸು, ಚೀಲ, ಕಣ್ಣು, ಎಲ್ಲಕ್ಕೂ ಸಮನಾಗಿ ಸುಸ್ತಾಗಿತ್ತು. ಬಾಗಿಲಲ್ಲೇ ನಿಂತು ಹಾಲಿನ ಉದ್ದಗಲ ಕಣ್ಣಲ್ಲೇ ಅಳೆದು, "ಬೀರು ಗೋಡೆಗೆ ಒರಗಿಸಿದ್ರೆ ಮೂರು ಸಾಲು ಹಿಡಿಯುತ್ತೆ," ಎಂದು ತಮಗೆ ತಾವೇ ಹೇಳಿಕೊಂಡರು. ಮೇಲ್ವಿಚಾರಕಿ ಬೇಗ ಬೇಗ ಕುರ್ಚಿ ಎಳೆದುಕೊಟ್ಟರು.

"ನನಗೆ ಒಂದೇ ಪ್ರಶ್ನೆ ಮೇಡಂ," ಎಂದರು ಅಧಿಕಾರಿ ಕೂರುತ್ತ. "ಇಲ್ಲಿಗೆ ಬಂದು ಈ ಜನ ಕಲಿತದ್ದೇನು? ಅದನ್ನ ತೋರಿಸಿ ಸಾಕು. ಭಾಷಣ ಬೇಡ."

"ತೋರಿಸ್ತಾರೆ ಸಾರ್. ನಮ್ಮ ಮೇಷ್ಟ್ರು ತೋರಿಸ್ತಾರೆ," ಎಂದರು ಮೇಲ್ವಿಚಾರಕಿ. ಅವರೂ ಮೇಷ್ಟ್ರು ಎಂದದ್ದು ಅದೇ ಮೊದಲು.

ಬೋರ್ಡಣ್ಣ ದೀಪ ಆರಿಸಿದ. ಕೊನೆಯ ಸಾಲಿನಲ್ಲಿ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಜೋಮು ಹಿಡಿಸಿಕೊಂಡಳು. ಗೋಡೆಯ ಮೇಲೆ ಹಸಿರು ಸಮುದ್ರ ಬಿತ್ತು. ಗುಮಾಸ್ತರು ಎಂದಿನಂತೆ ಗೋಡೆಗೆ ಬೆನ್ನು ಮಾಡಿ ನಿಂತು, ರೆಕ್ಕೆಯ ಕಥೆ ಹೇಳಿ, ರೈತನನ್ನು, ಕುರುಬನನ್ನು, ಹಡಗನ್ನು ದಾಟಿ,

"ಹುಡುಗ ಎಲ್ಲಿ ಅಂತ ನೀವು ಕೇಳಬಹುದು," ಎಂದರು. ಕೋಲು ಹೆಗಲ ಮೇಲಿಂದ ಹೋಗಿ ಬಲಗಡೆ ಕೆಳಮೂಲೆಯಲ್ಲಿ ನಿಂತಿತು. "ಹುಡುಗ ಇಲ್ಲ. ನೋಡಿ. ಇಲ್ಲಿರೋದು ಬರೀ ಮುದ್ರೆ."

ಯಾರೂ 'ಹ್ಞಾ' ಎನ್ನಲಿಲ್ಲ. ಗುಮಾಸ್ತರು ಕಾದರು. ಮುಂದಿನ ಸಾಲಿನ ಎಲ್ಲರ ಬಾಯಿಯೂ ತೆರೆದಿತ್ತು, ಡಾಕ್ಟರದ್ದು ಎಲ್ಲರಿಗಿಂತ ಅಗಲವಾಗಿ.

"ಮೇಷ್ಟ್ರೇ," ಎಂದರು ನರ್ಸಮ್ಮ. ಅವರ ದನಿ ಸಣ್ಣಗಾಗಿತ್ತು. "ಹುಡುಗ ಇದಾನೆ."

"ಇಲ್ಲಮ್ಮ, ಮುದ್ರೆ..."

"ಕಾಲು. ತಲೆ ನೀರೊಳಗಿದೆ. ಎರಡು ಕಾಲು ಮಾತ್ರ ಮೇಲೆ. ಒದ್ದಾಡ್ತಿದಾನೆ."

"ಹೋದ ಶನಿವಾರ ಈ ಕಾಲು ಇರಲಿಲ್ಲ!" ಎಂದು ಡಾಕ್ಟರು ಎದ್ದುನಿಂತರು. "ನಾನು ಮೊದಲನೇ ಸಾಲಲ್ಲಿ ಕೂತಿದ್ದೆ! ನಾನು ಸಾಕ್ಷಿ!"

"ಯಾರೋ ತಿದ್ದಿದಾರೆ! ಮುದ್ರೆ ಅಳಿಸಿ ಕಾಲು ಬರೆದಿದಾರೆ! ನಾನಂತೂ ಅಲ್ಲಪ್ಪ!" ಎಂದ ಬೋರ್ಡಣ್ಣ.

"ಏನ್ರೀ ಇದು ಗಲಾಟೆ?" ಎಂದರು ಅಧಿಕಾರಿ.

ಗುಮಾಸ್ತರು ತಿರುಗಿದರು. ಕನ್ನಡಕ ಮೇಲೆತ್ತಿ ಗೋಡೆಯ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ. ಹಡಗಿಗೂ ದಡಕ್ಕೂ ನಡುವೆ, ನೊರೆಯೆದ್ದ ನೀರಿನಲ್ಲಿ, ಎರಡು ಬಿಳಿಯ ಕಾಲುಗಳು. ಸುತ್ತ ಒಂದೆರಡು ಗರಿಗಳು ಇನ್ನೂ ಉದುರುತ್ತಿದ್ದವು. ಗುಮಾಸ್ತರು ಅಷ್ಟು ಹೊತ್ತು ಅಲುಗಾಡದೆ ನಿಂತದ್ದನ್ನು ಹೆಂಡತಿ ಎಂದೂ ನೋಡಿರಲಿಲ್ಲ. ಈಗ ಎದ್ದು ಕೈ ಹಿಡಿದು ಕರೆದುಕೊಂಡು ಹೋಗಿಬಿಡಬೇಕು ಎಂದುಕೊಂಡಳು. ಎದ್ದಳು ಕೂಡ.

"ಇದ್ದ," ಎಂದರು ಗುಮಾಸ್ತರು, ಗೋಡೆಯ ಕಡೆಗೇ ಮುಖ ಮಾಡಿ. "ಹೋದ ವಾರಾನೂ ಇದ್ದ. ಮುದ್ರೆ ಮುದ್ರೆ ಅಂತ ಹೇಳಿ ನಾನೇ ಅವನನ್ನ ಮುಚ್ಚಿಟ್ಟೆ. ತಪ್ಪಾಯ್ತು."

ಮೇಲ್ವಿಚಾರಕಿ ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಗೋಡೆಯ ಹತ್ತಿರ ಬಂದು ಗುಮಾಸ್ತರ ಪಕ್ಕ ನಿಂತರು.

"ಈ ಉಳೋನು ನೋಡಲಿಲ್ವೇ?"

"ಇಲ್ಲ ಸಾರ್. ಅವನು ನೆಲ ನೋಡ್ತಿದಾನೆ," ಎಂದರು ಗುಮಾಸ್ತರು.

"ಕುರುಬ?"

"ಮೇಲೆ ನೋಡ್ತಿದಾನೆ. ಹುಡುಗ ಆಗಲೇ ಕೆಳಗೆ ಬಂದಿದಾನೆ."

"ಈ ಮೀನು ಹಿಡಿಯೋನು ಪಕ್ಕದಲ್ಲೇ ಕೂತಿದಾನಲ್ರೀ! ಕೈ ಚಾಚಿದ್ರೆ ಸಿಗ್ತಾನೆ!"

"ಕೈ ಚಾಚಿದಾನೆ ಸಾರ್. ಮೀನಿಗೆ," ಎಂದರು ನರ್ಸಮ್ಮ.

ಹಿಂದಿದ್ದವರು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದರು. ಮೂಲೆ ನೋಡಿದರು, ಅಲ್ಲಿಂದ ಮೀನುಗಾರನನ್ನು, ಕುರಿಗಳನ್ನು, ನಾಯಿಯನ್ನು, ಹಡಗಿನ ಹಗ್ಗ ಹತ್ತುತ್ತಿದ್ದ ಪುಟ್ಟ ಪುಟ್ಟ ಮನುಷ್ಯರನ್ನು. ಅಷ್ಟು ವಾರ ಬಂದವರು, ಒಂದು ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡಿದ್ದು ಅದೇ ಮೊದಲು.

ದೀಪ ಹತ್ತಿದ ಮೇಲೆ ಅಧಿಕಾರಿ ಮೂಗು ಒರೆಸಿಕೊಂಡು ಮೇಲ್ವಿಚಾರಕಿಯ ಕಡೆ ತಿರುಗಿದರು. "ಒಳ್ಳೇ ಪದ್ಧತಿ ಮೇಡಂ. ಮೊದಲ ವಾರ ಮುಖ್ಯವಾದದ್ದನ್ನ ಮುಚ್ಚಿ ತೋರಿಸೋದು, ತಪ್ಪು ಹೇಳಿ ನಂಬಿಸೋದು. ಮುಂದಿನ ವಾರ ತೆರೆದು ತೋರಿಸೋದು. ಆಮೇಲೆ ಮೇಷ್ಟ್ರೇ ತಪ್ಪಾಯ್ತು ಅನ್ನೋದು. ನಾನು ಓದಿದ ಶಾಲೇಲಿ ಯಾವ ಮೇಷ್ಟ್ರೂ ಹೀಗೆ ಅನ್ನಲಿಲ್ಲ. ಬೀರುಗಳಿಗೆ ಬೇರೆ ಜಾಗ ನೋಡ್ತೀವಿ."

"ಪದ್ಧತಿ ಅಲ್ಲ ಸಾರ್, ನಿಜವಾಗ್ಲೂ ನನಗೆ..." ಎಂದರು ಗುಮಾಸ್ತರು.

"ಇಷ್ಟು ವಿನಯ ಬೇಡ," ಎಂದು ಅಧಿಕಾರಿಯೇ ಮುಗಿಸಿದರು. "ಬೇರೆ ಶಾಖೆಗಳಿಗೂ ಹೇಳಿಕಳಿಸ್ತೀನಿ. ಇನ್ಮೇಲೆ ಎಲ್ಲ ಕಡೆ ಬಲಗಡೆ ಮೂಲೆ ಮುಚ್ಚಿಯೇ ಪಾಠ ಶುರುವಾಗಲಿ."

ಮನೆಗೆ ನಡೆದು ಬರುವಾಗ ಗುಮಾಸ್ತರು ಸೈಕಲ್ ತಳ್ಳುತ್ತಿದ್ದರು, ಅವಳು ಹಿಂದೆ ಯಂತ್ರ ಹಿಡಿದುಕೊಂಡಿದ್ದಳು. ಎರಡು ಬೀದಿ ದಾಟಿದರು.

"ಎಲ್ಲ ಚಿತ್ರಾನೂ ಇನ್ನೊಂದು ಸಲ ಮೊದಲಿಂದ ತೋರಿಸ್ಬೇಕು ಕಣೇ," ಎಂದರು ಆಮೇಲೆ. "ರೆಂಬ್ರಾಂಟ್‌ನಿಂದ. ಈ ಸಲ ಗೋಡೆಗೆ ಬೆನ್ನು ಮಾಡಲ್ಲ. ಅವರ ಜೊತೆ ಬೆಂಚಿನ ಮೇಲೇ ಕೂತು ನೋಡ್ತೀನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತೀನಿ."

"ಮೇಷ್ಟ್ರೇ ಅನ್ನೋದು ಬಿಟ್ಟುಬಿಟ್ರೆ?"

"ಬಿಡಲಿ." ಸ್ವಲ್ಪ ದೂರ ಹೋಗಿ ನಿಂತರು. "ಆದ್ರೂ ಒಂದು ಅರ್ಥ ಆಗಲಿಲ್ಲ. ಅಷ್ಟು ವಾರ ಇದ್ದ ಆ ಮುದ್ರೆ ಇವತ್ತು ಎಲ್ಲಿಗೆ ಹೋಯ್ತು? ನಿನಗೇನಾದ್ರೂ ಗೊತ್ತಾ?"

ಬೀದಿದೀಪದ ಕೆಳಗೆ ಅವರ ಮುಖ ಅವಳ ಕಡೆಗಿತ್ತು. ಮೊದಲ ಸಲ ಅವರು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ಅವಳು ಯೋಚಿಸಿದಳು. ಹೇಳಿದರೆ ಈ ಮನುಷ್ಯ ರಾತ್ರಿಯೇ ಅಧಿಕಾರಿಯ ಮನೆ ಹುಡುಕಿಕೊಂಡು ಹೋಗುತ್ತಾರೆ. ಹೇಳದಿದ್ದರೆ ಎಲ್ಲೆಲ್ಲೋ ಶಾಖೆಗಳಲ್ಲಿ ಯಾವ ಯಾವ ಗುಮಾಸ್ತರೋ ಕಾಗದದ ತುಂಡು ಕತ್ತರಿಸಿ ಚಿತ್ರಗಳ ಬಲಮೂಲೆಗೆ ಅಂಟಿಸುತ್ತ ಕೂರುತ್ತಾರೆ, ಪಾಪ. ಆದರೆ ಅಂಟಿಸಿದವರು ಒಂದು ವಾರದ ಮೇಲೆ ಅದನ್ನು ಕಿತ್ತು ನೋಡಲೇಬೇಕಲ್ಲ.

ಹೇಳುವುದು ಗಂಡನಿಗೂ ಬೇಡ, ಅಣ್ಣನಿಗೂ ಬೇಡ, ಹಾಲಿನಿಂದ ಹೊರಡುವಾಗ ಉಗುರಲ್ಲಿನ್ನೂ ಕಂದು ಉಳಿದಿದ್ದ ತನ್ನ ಕೈಗಳನ್ನೇ ಒಂದು ಗಳಿಗೆ ಹೆಚ್ಚು ನೋಡಿದ ನರ್ಸಮ್ಮನಿಗಂತೂ ಬೇಡವೇ ಬೇಡ.

"ನಂಗೇನು ಗೊತ್ತು," ಎಂದಳು. "ಸೈಕಲ್ ನೋಡ್ಕೊಂಡು ತಳ್ಳಿ. ಮುಂದೆ ಹಳ್ಳ ಇದೆ."